ಫಿನ್ಲೆಂಡಿನ ತಂಡ ಜಿಮ್ನಾಸ್ಟಿಕ್ಸ್: ಒಬ್ಬ ಆಟಗಾರ್ತಿಯ ದಾರಿ

ಕೇಳುಗರಿಗೆ ನಮಸ್ಕಾರ.

ಈಸ್ತೆಟಿಕ್ ಗ್ರೂಪ್ ಜಿಮ್ನಾಸ್ಟಿಕ್ಸ್, ಅಂದರೆ ಇಡೀ ತಂಡ ಸಂಗೀತಕ್ಕೆ ಒಟ್ಟಾಗಿ ಮಾಡುವ ಜಿಮ್ನಾಸ್ಟಿಕ್ಸ್, ಫಿನ್ಲೆಂಡಿನ ಕೂಸು. 1876ರಲ್ಲಿ ಎಲಿನ್ ಕಲ್ಲಿಯೊ ಹೆಲ್ಸಿಂಕಿಯಲ್ಲಿ ಹೆಂಗಸರಿಗೆಂದೇ ಒಂದು ಜಿಮ್ನಾಸ್ಟಿಕ್ಸ್ ಸಂಘ ಕಟ್ಟಿದರು. ಅಲ್ಲಿಂದ ಬೆಳೆದ ಪರಂಪರೆ ಇದು. ಮೊದಲ ವಿಶ್ವ ಚಾಂಪಿಯನ್‌ಷಿಪ್ 2000ದಲ್ಲಿ ನಡೆದದ್ದೂ ಹೆಲ್ಸಿಂಕಿಯಲ್ಲೇ. ಒಲಿಂಪಿಕ್ಸ್‌ನಲ್ಲಿ ಮಾತ್ರ ಇನ್ನೂ ಜಾಗ ಸಿಕ್ಕಿಲ್ಲ.

13 ಮೀಟರ್ ಚೌಕದ ನೆಲಹಾಸು, ಎರಡೂವರೆ ನಿಮಿಷದ ಆಸುಪಾಸು ಸಂಗೀತ, ತಂಡದಲ್ಲಿ 6ರಿಂದ 10 ಮಂದಿ. ಕೈಯಲ್ಲಿ ರಿಬ್ಬನ್ ಇಲ್ಲ, ಚೆಂಡಿಲ್ಲ. ಇರುವುದು ಮೈ ಒಂದೇ.

ಹುಡುಗಿ ಚಿಕ್ಕವಳಿದ್ದಾಗಲೇ ಊರಿನ ಕ್ಲಬ್ಬಿಗೆ ಸೇರುತ್ತಾಳೆ. ವಯೋಗುಂಪುಗಳನ್ನು ದಾಟುತ್ತಾ 14ಕ್ಕೆ ಜೂನಿಯರ್, 16ಕ್ಕೆ ಸೀನಿಯರ್. ಎಸ್ಪೊ ನಗರದ ಓಲಾರಿ ಕ್ಲಬ್ಬಿನ ‘ಓವೊ’ದಂಥ ತಂಡದಲ್ಲಿ ಸೀನಿಯರ್ ಜಾಗ ಸುಲಭಕ್ಕೆ ಸಿಗುವಂಥದ್ದಲ್ಲ.

ಅಷ್ಟೂ ವರ್ಷ ಬಿಡದೆ ತಿದ್ದುವುದು ಮೈಯ ಅಲೆಯನ್ನು. ಮಂಡಿ ಬಗ್ಗಿಸಿ, ಬೆನ್ನು ಗುಂಡಗೆ ಮಾಡಿ ಶುರು. ಮಂಡಿ ಮುಂದೆ ಸರಿಯುತ್ತದೆ, ಹಿಂದೆಯೇ ಸೊಂಟ, ಹೊಟ್ಟೆ, ಎದೆ; ಕತ್ತು, ತಲೆ ಏಳುವುದು ಕಟ್ಟಕಡೆಗೆ. ಅವಸರದ ಹುಡುಗಿ ತಲೆಯನ್ನು ಮೊದಲೇ ಎತ್ತಿಬಿಡುತ್ತಾಳೆ, ಅಲೆ ಅಲ್ಲೇ ಸತ್ತಿತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಎದೆಯ ಹಿಂಭಾಗ ಬಿಗಿಯಾಗಿದ್ದರೆ ಬಾಗುವ ಕೆಲಸವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ದಿನಾ ಹಾಗೇ ಬಾಗಿದರೆ, ಬೆಳೆಯುವ ವಯಸ್ಸಿನಲ್ಲಿ ಕೆಳಬೆನ್ನಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಬೆನ್ನು ನೋವನ್ನು “ಮಾಮೂಲಿ” ಎಂದು ತಳ್ಳಿಹಾಕುವ ಕೋಚ್ ಬಳಿ ಮಗಳನ್ನು ಬಿಡಬೇಡಿ ಎಂದೇ ನನ್ನ ಮಾತು. ಮೇಲ್ಬೆನ್ನನ್ನು ಸಡಿಲಿಸುವ, ಹೊಟ್ಟೆಯ ಸ್ನಾಯು ಗಟ್ಟಿಮಾಡುವ ಕಸರತ್ತು ಮೊದಲು; ದೊಡ್ಡ ಬಾಗು ಆಮೇಲೆ.

ಈ ಅಲೆ ಒಬ್ಬಳಿಗೆ ಬಂದರೆ ಸಾಲದು, ಹತ್ತೂ ಮಂದಿಗೆ ಒಂದೇ ಕ್ಷಣದಲ್ಲಿ ಬರಬೇಕು. ಸಂಗೀತದ ಎಂಟರ ಎಣಿಕೆಯಲ್ಲಿ ಕೈ ತನ್ನ ಕೊನೆಯ ನಿಲುವಿಗೆ ಬರುವುದು ಎಂಟಕ್ಕೋ ಏಳಕ್ಕೋ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಮುಂದಿನ ಸಾಲಿನವಳಿಗೆ ಹಿಂದಿನವರು ಕಾಣುವುದಿಲ್ಲ, ಹಾಗಾಗಿ ಉಸಿರೆಳೆಯುವ ಸದ್ದೇ ಸೂಚನೆ. ಬಹುಕಾಲ 20 ಅಂಕಗಳಲ್ಲಿ 10 ನಿರ್ವಹಣೆಗೆ (ಚಲನೆಗಳನ್ನು ತಪ್ಪಿಲ್ಲದೆ ಮಾಡುವುದಕ್ಕೆ), 6 ತಾಂತ್ರಿಕತೆಗೆ, 4 ಕಲಾತ್ಮಕತೆಗೆ ಎಂಬ ಲೆಕ್ಕವಿತ್ತು. ಒಂಟಿಕಾಲ ನಿಲುವಿನಲ್ಲಿ ಒಬ್ಬಳು ತೂರಾಡಿದರೂ ಕಡಿತ ಇಡೀ ತಂಡಕ್ಕೆ. ಸ್ಪರ್ಧೆ ಹತ್ತಿರವಾದಾಗ ಒಬ್ಬಳ ಪಾದದ ಕೀಲು ಉಳುಕಿತೆನ್ನಿ: ಬದಲಿ ಹುಡುಗಿಗೆ ಹೆಜ್ಜೆ ಗೊತ್ತಿದ್ದರೂ ಅವಳ ಎತ್ತರ, ನಡಿಗೆಯ ಅಳತೆ ಬೇರೆ. ಸಾಲುಗಳ ನಡುವಿನ ಅಂತರವನ್ನು ಮತ್ತೆ ಕೂರಿಸಬೇಕು.

ದುಡ್ಡಿನ ಮಾತಿಗೆ ಬಂದರೆ, ಇದು ಸಂಬಳದ ಆಟವಲ್ಲ. ಕ್ಲಬ್ಬಿನ ಶುಲ್ಕ, ಉಡುಪು, ಪ್ರಯಾಣದ ಖರ್ಚಿನ ದೊಡ್ಡ ಪಾಲು ಮನೆಯವರದ್ದೇ. ಹಾಗಾಗಿ ಸೀನಿಯರ್ ಆದವಳು ಹಗಲು ಓದುತ್ತಾಳೆ ಇಲ್ಲವೇ ದುಡಿಯುತ್ತಾಳೆ, ಸಂಜೆ ಅಭ್ಯಾಸಕ್ಕೆ ಬರುತ್ತಾಳೆ. ಆಟ ಬಿಟ್ಟ ಮೇಲೆ ಅನೇಕರು ಅದೇ ಕ್ಲಬ್ಬಿನಲ್ಲಿ ಚಿಕ್ಕ ಮಕ್ಕಳ ಕೋಚ್ ಆಗುತ್ತಾರೆ, ಕೆಲವರು ನೃತ್ಯ ಸಂಯೋಜನೆಗೋ ತೀರ್ಪುಗಾರಿಕೆಗೋ ಹೊರಳುತ್ತಾರೆ.

ನಮಸ್ಕಾರ.