ಅಟ್ಟದಿಂದ ಇಳಿದ ಕಂಪ್ಯೂಟರ್

ಕೇಳುಗರಿಗೆ ನಮಸ್ಕಾರ. ಕಳೆದ ದೀಪಾವಳಿಗೆ ಮುಂಚೆ ಹೊನ್ನಾವರದ ನಮ್ಮ ಮನೆಯ ಅಟ್ಟ ಗುಡಿಸುತ್ತಿದ್ದಾಗ, ತೆಂಗಿನಕಾಯಿ ರಾಶಿಯ ಹಿಂದೆ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರೊಂದು ಸಿಕ್ಕಿತು. 2009ರಲ್ಲಿ ಕೊಂಡದ್ದು; ಪೆಂಟಿಯಂ ಡ್ಯುಯಲ್ ಕೋರ್ ಪ್ರೊಸೆಸರ್, ಕೆಲಸದ ಹೊತ್ತಿಗೆ ಮಾಹಿತಿ ಹಿಡಿದಿಡುವ 2 ಜಿಬಿ ರ‍್ಯಾಮ್. ಆರು ಮಳೆಗಾಲಗಳನ್ನು ಅದು ಅಲ್ಲಿಯೇ ಕಳೆದಿತ್ತು. ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡೋಣವೆಂದು ಜಗಲಿಯಲ್ಲಿ ಕುಳಿತೆ.

ಪಕ್ಕದ ತಗಡು ತೆಗೆದರೆ ಹಿಂಬದಿಯ ಖಾಲಿ ಕಿಂಡಿಯಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು, ಅದರ ಕೆಳಗೆ ಹಲ್ಲಿ ಮೊಟ್ಟೆಯ ಚಿಪ್ಪು. ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಿಂದ ಎಲ್ಲವನ್ನೂ ಗುಡಿಸಿ, ಎರಡು ದಿನ ಗಾಳಿಯಾಡುವ ಒಣ ಕೋಣೆಯಲ್ಲಿ ಇಟ್ಟೆ. ಪಸೆ ಆರದ ಬೋರ್ಡಿಗೆ ಅವಸರದಲ್ಲಿ ವಿದ್ಯುತ್ ಕೊಟ್ಟರೆ, ಉಳಿಯಬಹುದಾಗಿದ್ದ ಯಂತ್ರವೂ ಸುಟ್ಟುಹೋಗಬಹುದು. ಮದರ್‌ಬೋರ್ಡಿನ ಕೆಪಾಸಿಟರುಗಳ, ಅಂದರೆ ವಿದ್ಯುತ್ ಹಿಡಿದಿಡುವ ಪುಟ್ಟ ಡಬ್ಬಿಗಳ, ತಲೆ ಉಬ್ಬಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಉಬ್ಬಿದ್ದರೆ ಕೆಟ್ಟಿವೆ ಎಂದರ್ಥ. ನನ್ನದರಲ್ಲಿ ಎಲ್ಲವೂ ಚಪ್ಪಟೆಯಾಗಿಯೇ ಇದ್ದವು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೆಯೂ ಅದರೊಳಗೆ ಹೊಡೆತ ಕೊಡುವಷ್ಟು ವಿದ್ಯುತ್ ಉಳಿದಿರುತ್ತದೆ.

ಮೂರನೆಯ ದಿನ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತು, ಪರದೆಯಲ್ಲಿ ಏನೂ ಮೂಡಲಿಲ್ಲ. ಬದಲಿಗೆ ಬೀಪ್ ಎಂಬ ಉದ್ದನೆಯ ಸದ್ದು ಬಿಟ್ಟುಬಿಟ್ಟು ಕೇಳತೊಡಗಿತು. ಆ ಕಾಲದ ಬಹಳಷ್ಟು ಬೋರ್ಡುಗಳಲ್ಲಿ ಇದು ರ‍್ಯಾಮ್ ಸಿಗುತ್ತಿಲ್ಲವೆಂಬ ದೂರು. ಹಾಗೆಂದು ರ‍್ಯಾಮ್ ಸತ್ತಿದೆ ಎಂದು ತಿಳಿಯಬೇಕಾಗಿಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿ, ಕಿಟಕಿಯ ಸರಳನ್ನು ತಿನ್ನುವಂತೆಯೇ, ರ‍್ಯಾಮ್‌ನ ಅಂಚಿನ ಹೊಳೆಯುವ ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಬ್ಬನ್ನು ಕೂರಿಸುತ್ತದೆ. ಪ್ಲಗ್ ಕಿತ್ತು, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲೆಂದು ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ, ರ‍್ಯಾಮ್ ಹೊರತೆಗೆದು, ಮಗಳ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದ ಆ ಪಟ್ಟಿಗಳನ್ನು ಹಗುರವಾಗಿ ಉಜ್ಜಿದೆ, ರಬ್ಬರು ಕಪ್ಪಾಯಿತು. ಪುಡಿಯನ್ನು ಒರೆಸಿ, ಎರಡೂ ಬದಿಯ ಕೊಕ್ಕೆಗಳು ಟಕ್ ಎನ್ನುವವರೆಗೆ ಮತ್ತೆ ಒತ್ತಿ ಕೂರಿಸಿದೆ. ಪರದೆಯಲ್ಲಿ ಅಕ್ಷರಗಳು ಮೂಡಿದವು. ಬಿಡಿಭಾಗ ಕೊಳ್ಳಲು ಪೇಟೆಗೆ ಹೊರಡುವ ಮೊದಲು ಈ ಕೆಲಸವನ್ನು ಮಾಡಿ ನೋಡಿ ಎಂದು ಹೇಳುವುದಕ್ಕಾಗಿಯೇ ನಾನು ಇಂದು ಇಲ್ಲಿಗೆ ಬಂದದ್ದು.

ಗಡಿಯಾರ ಮಾತ್ರ 2009ರ ಜನವರಿಯಲ್ಲೇ ನಿಂತಿತ್ತು. ಬೋರ್ಡಿನ ಮೇಲಿರುವ ಸಿಆರ್2032 ಎಂಬ, ನಾಣ್ಯದಂತಹ 3 ವೋಲ್ಟಿನ ಸೆಲ್ ಬರಿದಾದರೆ ಹೀಗಾಗುತ್ತದೆ. ಇದನ್ನು ಕಡೆಗಣಿಸುವಂತಿಲ್ಲ. ದಿನಾಂಕ ತಪ್ಪಿದ್ದರೆ ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರಗಳು ಹೊಂದಿಕೆಯಾಗದೆ ಬ್ರೌಸರ್ ಪುಟ ತೆರೆಯಲು ಒಪ್ಪುವುದಿಲ್ಲ, ನಾವು ಸುಮ್ಮನೆ ಇಂಟರ್ನೆಟ್ಟನ್ನು ಬೈಯುತ್ತೇವೆ.

ಹಾರ್ಡ್ ಡಿಸ್ಕ್ ಟಕಟಕ ಎನ್ನುತ್ತಿದ್ದುದರಿಂದ ಅದರ ಜಾಗಕ್ಕೆ, ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿದೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಹಳೆಯ ಸಾಟಾ ಕೇಬಲ್ಲೇ ಸಾಕಾಯಿತು. ವಿಂಡೋಸ್ 7ಕ್ಕೆ ಸುರಕ್ಷತೆಯ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿರುವುದರಿಂದ, 64 ಬಿಟ್‌ನ ಡೆಬಿಯನ್ ಲಿನಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಪರದೆಯ ನೋಟದೊಂದಿಗೆ ಹಾಕಿದೆ. ಬ್ರೌಸರಿನಲ್ಲಿ ನಾಲ್ಕಾರು ಪುಟ ಒಟ್ಟಿಗೆ ತೆರೆದರೆ ಏದುಸಿರು ಬಿಡುತ್ತದೆ, ನಿಜ. ಕನ್ನಡ ಟೈಪಿಸುವುದಕ್ಕೆ, ತೋಟದ ಲೆಕ್ಕ ಬರೆಯುವುದಕ್ಕೆ ಏನೂ ಕೊರತೆಯಿಲ್ಲ.

ಈಗ ಮಳೆಗಾಲದಲ್ಲಿ ಕೆಲಸವಿರಲಿ ಬಿಡಲಿ, ದಿನವೂ ಸ್ವಲ್ಪ ಹೊತ್ತು ಅದನ್ನು ಚಾಲೂ ಇಡುತ್ತೇನೆ. ತನ್ನ ಬಿಸಿಗೆ ತಾನೇ ಪಸೆ ಆರಿಸಿಕೊಳ್ಳಲಿ ಎಂದು. ಗುಡುಗು ಕೇಳಿದರೆ ಮಾತ್ರ ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕಿತ್ತಿಡುತ್ತೇನೆ. ನಮಸ್ಕಾರ.