ಹೋಗುವವನನ್ನು ಹೋಗುವ ಮೊದಲೇ ಕೊಡಿ

ಕೇಳುಗರಿಗೆಲ್ಲ ನಮಸ್ಕಾರ. ಬೇಸ್‌ಬಾಲ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಆಟದ ನಿಯಮ ಹೇಳುತ್ತಾ ಕೂತರೆ ಇವತ್ತು ಮುಗಿಯಲ್ಲ. ಅದಕ್ಕೇ ಒಂದೇ ಒಂದು ವಿಷಯ ಇಟ್ಟುಕೊಂಡಿದ್ದೇನೆ. ಅಮೆರಿಕದಲ್ಲಿ ಒಂದು ತಂಡ ತನ್ನ ಅತಿ ದೊಡ್ಡ ಪಿಚರ್‌ನನ್ನು ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಯಾರೂ ಹೆಸರು ಕೇಳಿರದ ಮೂರು ಹುಡುಗರನ್ನು ಕರೆದುಕೊಂಡು ಬರುತ್ತದಲ್ಲ, ಅದು ಯಾಕೆ?

ನಾನು 14 ವರ್ಷ ಸಿಯಾಟಲ್‌ನಲ್ಲಿದ್ದೆ. ಪ್ರತಿ ವರ್ಷ ಜುಲೈ ಕೊನೆಯಲ್ಲಿ ಆಫೀಸಿನಲ್ಲಿ ಇದೇ ಗೋಳು. ಮಾರಿಬಿಟ್ಟರು, ಮೋಸ ಮಾಡಿದರು, ತಲೆ ಕೆಟ್ಟಿದೆ ಇವರಿಗೆ ಅಂತ. ನನ್ನ ಉತ್ತರ ಅವತ್ತಿಗೂ ಒಂದೇ, ಇವತ್ತಿಗೂ ಒಂದೇ. ಹೋಗುವವನನ್ನು ಹೋಗುವ ಮೊದಲೇ ಕೊಡಿ. ಕೊಟ್ಟ ಮೇಲೆ ಕಾಯಿರಿ.

ಬೇಸ್‌ಬಾಲ್‌ನಲ್ಲಿ ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ ಅಂದುಕೊಳ್ಳಿ. ಆದರೆ ಸುಸ್ತಾಗುವವರೆಗೆ ಒಬ್ಬನೇ ಎಸೆಯುತ್ತಾನೆ, ಓವರ್ ಮುಗಿಯಿತು ಅಂತ ಇನ್ನೊಬ್ಬ ಬರಲ್ಲ. ವರ್ಷಕ್ಕೆ 162 ಪಂದ್ಯ. ಒಳ್ಳೆಯ ಪಿಚರ್ ಐದು ಪಂದ್ಯಕ್ಕೊಮ್ಮೆ ಬರುತ್ತಾನೆ, ಬಂದ ದಿನ ಪಂದ್ಯ ಅವನ ಕೈಯಲ್ಲಿ, ಗೆಲುವು ಸೋಲನ್ನೂ ಪಿಚರ್ ಹೆಸರಿಗೇ ಬರೆಯುತ್ತಾರೆ. ಆ ಕೈ ಯಾವಾಗ ಕೆಡುತ್ತದೋ ಯಾರಿಗೂ ಗೊತ್ತಿಲ್ಲ. ಮೊಣಕೈಯ ಒಳಗಿನ ಒಂದು ಲಿಗಮೆಂಟ್, ಮೂಳೆ ಹಿಡಿದಿಡುವ ಕಟ್ಟು, ಹರಿದರೆ ಆಪರೇಷನ್, ಒಂದು ವರ್ಷಕ್ಕೂ ಜಾಸ್ತಿ ಮನೆಯಲ್ಲಿ.

ಇನ್ನೊಂದು ವಿಷಯ ಕಾಂಟ್ರಾಕ್ಟ್. ದೊಡ್ಡ ಲೀಗಿನಲ್ಲಿ ಆರು ವರ್ಷ ಆಡಿದ ಮೇಲೆ, ಕಾಂಟ್ರಾಕ್ಟ್ ಮುಗಿದರೆ ಆಟಗಾರ ಸ್ವತಂತ್ರ. ಯಾರು ಜಾಸ್ತಿ ಕೊಡುತ್ತಾರೋ ಅಲ್ಲಿಗೆ ಹೋಗುತ್ತಾನೆ. ಶ್ರೀನಿವಾಸಪುರದ ಕಡೆ ಮಾವಿನ ತೋಟ ಗುತ್ತಿಗೆ ಹಿಡಿಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗುತ್ತಿಗೆ ಮುಗಿದ ಮಾರನೇ ದಿನ ಮರ ಎಷ್ಟೇ ಚೆನ್ನಾಗಿದ್ದರೂ ಅದರ ಒಂದು ಕಾಯಿಯೂ ನಿಮ್ಮದಲ್ಲ. ಗುತ್ತಿಗೆ ಇನ್ನೂ ಕೈಯಲ್ಲಿರುವಾಗ ಬೇರೆಯವರಿಗೆ ಬಿಟ್ಟುಕೊಟ್ಟು ಸಸಿ ತಂದು ಸ್ವಂತ ಜಮೀನಿನಲ್ಲಿ ನೆಟ್ಟರೆ ಅದು ನಿಮ್ಮದು.

ನಮ್ಮ ಐಪಿಎಲ್‌ನಲ್ಲೂ ಟ್ರೇಡ್ ಇದೆಯಲ್ಲ ಸಾರ್ ಅಂತ ಕೇಳುತ್ತಾರೆ. ಇದೆ. 2023ರಲ್ಲಿ ಆರ್‌ಸಿಬಿ ಕ್ಯಾಮರಾನ್ ಗ್ರೀನ್‌ನನ್ನು ಮುಂಬೈಯಿಂದ ತಂದಾಗ ಕೊಟ್ಟಿದ್ದು ಹದಿನೇಳೂವರೆ ಕೋಟಿ ದುಡ್ಡು, ಹುಡುಗರನ್ನಲ್ಲ. ಮೂರು ವರ್ಷಕ್ಕೊಮ್ಮೆ ದೊಡ್ಡ ಹರಾಜು ಬಂದರೆ ಹುಡುಗನನ್ನು ಬೆಳೆಸುತ್ತಾ ಕೂರುವವರು ಯಾರು? ಅಮೆರಿಕದಲ್ಲಿ ಹಾಗಲ್ಲ. ದೊಡ್ಡ ಲೀಗಿನ ಕೆಳಗೆ ಚಿಕ್ಕ ಲೀಗುಗಳ ಏಣಿ ಇದೆ, ಹುಡುಗರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬರುತ್ತಾರೆ. ಮೇಲೆ ಬಂದ ಮೇಲೂ ಆರು ವರ್ಷ ಆ ತಂಡದವರೇ, ಮೊದಲ ವರ್ಷಗಳಲ್ಲಿ ಸಂಬಳವೂ ಕಡಿಮೆ.

ಈಗ ಕಥೆ ಹೇಳುತ್ತೇನೆ. ಎಲ್ಲಿ ಹೋದರೂ ನಾನು ಇದನ್ನೇ ಹೇಳುವುದು, ಯಾಕೆಂದರೆ ಇದಕ್ಕಿಂತ ಒಳ್ಳೆಯ ಕಥೆ ಈ ಆಟದಲ್ಲಿ ಇಲ್ಲ.

1989. ಸಿಯಾಟಲ್ ಮರೀನರ್ಸ್ ತಂಡ ಹುಟ್ಟಿ ಹನ್ನೆರಡು ವರ್ಷ, ಒಂದು ವರ್ಷವೂ ಸೋಲಿಗಿಂತ ಗೆಲುವು ಜಾಸ್ತಿ ಆಗಿರಲಿಲ್ಲ. ಆ ತಂಡಕ್ಕಿದ್ದ ಒಂದೇ ಹೆಮ್ಮೆ ಮಾರ್ಕ್ ಲ್ಯಾಂಗ್‌ಸ್ಟನ್ ಅನ್ನುವ ಎಡಗೈ ಪಿಚರ್. ಮೂರು ವರ್ಷ ಇಡೀ ಅಮೆರಿಕನ್ ಲೀಗಿನಲ್ಲಿ ಅತಿ ಹೆಚ್ಚು ಸ್ಟ್ರೈಕ್ ಔಟ್ ಅವನದೇ. ಪಿಚರ್ ತನ್ನ ಎಸೆತದಿಂದಲೇ ಬ್ಯಾಟ್ಸ್‌ಮನ್‌ನನ್ನು ಔಟ್ ಮಾಡಿದರೆ ಅದು ಸ್ಟ್ರೈಕ್ ಔಟ್. ಕಾಂಟ್ರಾಕ್ಟ್ ಆ ವರ್ಷಕ್ಕೆ ಮುಗಿಯುತ್ತಿತ್ತು. ಅವನು ಹೋಗುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಮೇ 25ಕ್ಕೆ ಅವನನ್ನು ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡಕ್ಕೆ ಕೊಟ್ಟರು. ಬದಲಿಗೆ ಬಂದವರು ಮೂವರು ಪಿಚರ್‌ಗಳು. ಬ್ರಯಾನ್ ಹೋಲ್ಮನ್, ಜೀನ್ ಹ್ಯಾರಿಸ್, ಮತ್ತೆ ರ್‍ಯಾಂಡಿ ಜಾನ್ಸನ್.

ಈ ಜಾನ್ಸನ್ ಆರು ಅಡಿ ಹತ್ತು ಅಂಗುಲ. ದೊಡ್ಡ ಲೀಗಿನಲ್ಲಿ ಅವನಷ್ಟು ಎತ್ತರದವರು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಚೆಂಡು ಗುಂಡಿನ ಹಾಗೆ ಬರುತ್ತಿತ್ತು, ಆದರೆ ಎಲ್ಲಿಗೆ ಬರುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ. ಆ ವರ್ಷ ಮಾಂಟ್ರಿಯಲ್‌ನಲ್ಲಿ ನಾಲ್ಕು ಸೋಲು, ಗೆಲುವು ಸೊನ್ನೆ. ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಇವನು ಒಟ್ಟು ಮೂವತ್ತು ಇನಿಂಗ್ಸ್ ಕೂಡ ಎಸೆದಿರಲಿಲ್ಲ, 26 ಜನರನ್ನು ಪುಕ್ಕಟೆಯಾಗಿ ಮೊದಲನೇ ಬೇಸ್‌ಗೆ ಕಳಿಸಿದ್ದ. ಮೈದಾನದಲ್ಲಿ ಮೂರು ಬೇಸ್, ಮೂರನ್ನೂ ಮುಟ್ಟಿ ಹೋಂ ಪ್ಲೇಟಿಗೆ ವಾಪಸ್ ಬಂದರೆ ಒಂದು ರನ್ನು. ನಾಲ್ಕು ಕೆಟ್ಟ ಎಸೆತ ಹಾಕಿದರೆ ಬ್ಯಾಟ್ಸ್‌ಮನ್ ಸುಮ್ನೆ ನಡೆದುಕೊಂಡು ಹೋಗಬಹುದು, ಅದಕ್ಕೇ ವಾಕ್ ಅನ್ನುತ್ತಾರೆ. ಇಂಥವನಿಗಾಗಿ ಲ್ಯಾಂಗ್‌ಸ್ಟನ್‌ನನ್ನು ಕೊಟ್ಟರು!

ಲ್ಯಾಂಗ್‌ಸ್ಟನ್ ಮಾಂಟ್ರಿಯಲ್‌ನಲ್ಲಿ ಹನ್ನೆರಡು ಗೆದ್ದ, ಒಂಬತ್ತು ಸೋತ. ತಂಡ ನಾಲ್ಕನೇ ಸ್ಥಾನಕ್ಕೆ ಬಿತ್ತು. ವರ್ಷ ಮುಗಿದದ್ದೇ ತಡ, ಅವನು ಕ್ಯಾಲಿಫೋರ್ನಿಯಾ ಏಂಜಲ್ಸ್‌ಗೆ ಹೊರಟ. ಇತ್ತ ಸಿಯಾಟಲ್‌ನವರು ಏನು ಮಾಡಿದರು? ಕಾದರು. 1990, 91, 92, ಮೂರೂ ವರ್ಷ ಲೀಗಿನಲ್ಲೇ ಅತಿ ಹೆಚ್ಚು ವಾಕ್ ಕೊಟ್ಟವನು ಜಾನ್ಸನ್. ಮೂರು ವರ್ಷ! ನಮ್ಮಲ್ಲಿ ಮೂರು ಪಂದ್ಯ ಕೊಡುತ್ತೇವಾ? 1992ರಲ್ಲಿ ನೋಲನ್ ರಯಾನ್ ಅನ್ನುವ ಹಿರಿಯ ಪಿಚರ್ ಮತ್ತು ಕೋಚ್ ಟಾಮ್ ಹೌಸ್ ಅವನ ಕಾಲು ನೋಡಿದರು. ಇವರಿಬ್ಬರೂ ಎದುರಾಳಿ ಟೆಕ್ಸಸ್ ತಂಡದವರು. ಎಸೆಯುವಾಗ ಮುಂದಿನ ಕಾಲನ್ನು ಹಿಮ್ಮಡಿಯ ಮೇಲೆ ಇಡುತ್ತೀಯ, ಮುಂಗಾಲಿನ ಮೇಲೆ ಇಡು ಅಂದರು. ಅಷ್ಟೇ ತಿದ್ದುಪಡಿ. ಮಾರನೇ ವರ್ಷ 19 ಗೆಲುವು, 308 ಸ್ಟ್ರೈಕ್ ಔಟ್.

ಈಗ ಬನ್ನಿ 1995ಕ್ಕೆ. ಆಗಸ್ಟ್ ಶುರುವಿನಲ್ಲಿ ಸಿಯಾಟಲ್ ಏಂಜಲ್ಸ್‌ಗಿಂತ 13 ಪಂದ್ಯ ಹಿಂದೆ. ಆಮೇಲೆ ಏಂಜಲ್ಸ್ ಕುಸಿಯಿತು, ಇವರು ಏರಿದರು. ಕೊನೆಯ ದಿನ ಎರಡೂ ತಂಡ ಸಮ ಸಮ. ತೀರ್ಮಾನಕ್ಕೆ ಒಂದೇ ಪಂದ್ಯ, ಅಕ್ಟೋಬರ್ 2, ಸೋಮವಾರ. ಊರಿನಲ್ಲಿ ಗಾಂಧಿ ಜಯಂತಿ ರಜೆ, ನಮಗೆ ಆಫೀಸು. ಆದರೆ ಕೆಲಸ ಯಾರು ಮಾಡುತ್ತಾರೆ? ಒಂದು ರೇಡಿಯೋ, ಸುತ್ತ ಹತ್ತು ಹನ್ನೆರಡು ಜನ. ನಾನು ಆ ಪಂದ್ಯ ಕಣ್ಣಿನಲ್ಲಿ ನೋಡಿದ್ದಲ್ಲ, ನೀವು ಈಗ ನನ್ನನ್ನು ಕೇಳುತ್ತಿದ್ದೀರಲ್ಲ, ಹಾಗೆ ಕಿವಿಯಲ್ಲಿ ಕೇಳಿದ್ದು.

ಸಿಯಾಟಲ್‌ಗೆ ಎಸೆಯುವವನು ಜಾನ್ಸನ್. ಏಂಜಲ್ಸ್‌ಗೆ ಎಸೆಯುವವನು ಯಾರು ಗೊತ್ತಾ? ಮಾರ್ಕ್ ಲ್ಯಾಂಗ್‌ಸ್ಟನ್. ಹೋದವನು ಒಂದು ಕಡೆ, ಬಂದವನು ಇನ್ನೊಂದು ಕಡೆ. ಆರು ವರ್ಷದ ಹಿಂದಿನ ಟ್ರೇಡ್ ಒಂದೇ ಮೈದಾನದಲ್ಲಿ ಎದುರುಬದುರು ನಿಂತಿತ್ತು.

ಏಳನೇ ಇನಿಂಗ್ಸ್‌ವರೆಗೂ ಸಿಯಾಟಲ್ ಒಂದೇ ರನ್ನು ಮುಂದೆ. ಆಗ ಮೂರೂ ಬೇಸಿನಲ್ಲಿ ಸಿಯಾಟಲ್‌ನವರು. ಲೂಯಿಸ್ ಸೋಹೋ ಹೊಡೆದ ಚೆಂಡು ಮೊದಲನೇ ಬೇಸಿನ ಪಕ್ಕದ ಗೆರೆ ಹಿಡಿದು ಉರುಳಿಕೊಂಡು ಹೋಗಿ ಪಿಚರ್‌ಗಳು ಕೂರುವ ಬೆಂಚಿನ ಕೆಳಗೆ ಸೇರಿತು. ಒಬ್ಬ ಬಂದ, ಇನ್ನೊಬ್ಬ ಬಂದ. ವಾಪಸ್ ಬಂದ ಚೆಂಡನ್ನು ಲ್ಯಾಂಗ್‌ಸ್ಟನ್ ನಡುವೆ ಹಿಡಿದು ಹೋಂ ಪ್ಲೇಟಿಗೆ ಎಸೆದ, ಅದು ಕ್ಯಾಚರ್‌ನನ್ನೂ, ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ ಇರುವವನನ್ನೂ, ದಾಟಿ ಹೋಯಿತು. ಮೂರನೆಯವನೂ ಬಂದ, ಹೊಡೆದ ಸೋಹೋನೇ ಓಡಿ ಬಂದ. ನಾಲ್ಕು ರನ್ನು. ಎಲ್ಲರೂ ಬಂದರು ಅಂತ ರೇಡಿಯೋದವರು ಕೂಗುತ್ತಿದ್ದಾರೆ, ನಾವು ಮೇಜು ಗುದ್ದುತ್ತಿದ್ದೇವೆ. ಲ್ಯಾಂಗ್‌ಸ್ಟನ್ ಹೋಂ ಪ್ಲೇಟಿನ ಹತ್ತಿರ ಆಕಾಶ ನೋಡುತ್ತಾ ಅಂಗಾತ ಮಲಗಿಬಿಟ್ಟ. ಆ ಚಿತ್ರ ಮಾರನೇ ದಿನ ನೋಡಿದೆ, ಪಾಪ ಅನ್ನಿಸಿತು. ಅವನ ತಪ್ಪೇನೂ ಇಲ್ಲ, ಒಳ್ಳೆಯ ಪಿಚರ್ ಅವನು.

ಒಂಬತ್ತು–ಒಂದು. ಜಾನ್ಸನ್ ಕೊನೆಯವರೆಗೆ ಒಬ್ಬನೇ ಎಸೆದ. ಸಿಯಾಟಲ್ ಇತಿಹಾಸದಲ್ಲೇ ಮೊದಲ ಸಲ ಪ್ಲೇ ಆಫ್‌ಗೆ ಹೋಯಿತು. ಆ ವರ್ಷ ಜಾನ್ಸನ್‌ಗೆ ಹದಿನೆಂಟು ಗೆಲುವು, ಎರಡೇ ಸೋಲು. ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೂ ಅವನಿಗೇ.

ಕಥೆ ಇಲ್ಲಿಗೆ ಮುಗಿಯಲ್ಲ. 1998ಕ್ಕೆ ಅದೇ ಜಾನ್ಸನ್‌ನ ಕಾಂಟ್ರಾಕ್ಟ್ ಮುಗಿಯುತ್ತಾ ಬಂತು. ವಯಸ್ಸು 34. ಜುಲೈ 31, ಟ್ರೇಡ್‌ಗೆ ಕೊನೆಯ ದಿನ, ಸಿಯಾಟಲ್ ಅವನನ್ನು ಹ್ಯೂಸ್ಟನ್‌ಗೆ ಕೊಟ್ಟಿತು. ಬದಲಿಗೆ ಮತ್ತೆ ಮೂವರು. ಫ್ರೆಡ್ಡಿ ಗಾರ್ಸಿಯಾ, ಕಾರ್ಲೋಸ್ ಗಿಯೆನ್, ಜಾನ್ ಹಲಾಮಾ. ಹಲಾಮಾನ ಹೆಸರನ್ನು ಅವತ್ತು ಹೇಳಲೂ ಇಲ್ಲ, ಇನ್ನೊಬ್ಬನನ್ನು ಆಮೇಲೆ ಕಳಿಸುತ್ತೇವೆ ಅಂತ ಬರೆದುಕೊಟ್ಟಿದ್ದರು. ಸೋಮವಾರ ಆಫೀಸಿನಲ್ಲಿ ಸಾವಿನ ಮನೆಯ ಹಾಗಿತ್ತು. 1995ರಲ್ಲಿ ಮೇಜು ಗುದ್ದಿದವರೇ, ಆ ಟ್ರೇಡಿನ ಫಲ ಉಂಡವರೇ, ಕಳ್ಳರು ಅಂತ ಬೈಯುತ್ತಿದ್ದರು. ನನಗೆ ನಿಜವಾಗಿ ಬೇಜಾರಾಗಿದ್ದು ಅದಕ್ಕೆ.

ಜಾನ್ಸನ್ ಹ್ಯೂಸ್ಟನ್‌ನಲ್ಲಿ ಹತ್ತು ಗೆದ್ದ, ಒಂದೇ ಸೋತ. ಅದ್ಭುತ. ಪ್ಲೇ ಆಫ್‌ನಲ್ಲಿ ಮೊದಲ ಸುತ್ತಿಗೇ ಸ್ಯಾನ್ ಡಿಯಾಗೋ ಕೈಯಲ್ಲಿ ತಂಡ ಸೋತಿತು. ವರ್ಷ ಮುಗಿಯಿತು, ಅವನು ಅರಿಜೋನಾಗೆ ಹೋದ. ಹ್ಯೂಸ್ಟನ್‌ಗೆ ಸಿಕ್ಕಿದ್ದು ಎರಡು ತಿಂಗಳು. ಸಿಯಾಟಲ್‌ಗೆ? ಗಾರ್ಸಿಯಾ ಮಾರನೇ ವರ್ಷವೇ 17 ಗೆದ್ದ, 2001ರಲ್ಲಿ 18. ಗಿಯೆನ್ ಶಾರ್ಟ್‌ಸ್ಟಾಪ್‌ನಲ್ಲಿ, ಅಂದರೆ ಎರಡನೇ ಮೂರನೇ ಬೇಸಿನ ನಡುವೆ, ಫೀಲ್ಡಿಂಗ್‌ಗೆ ನಿಂತ. ಆ 2001ರಲ್ಲಿ ಸಿಯಾಟಲ್ ಗೆದ್ದಿದ್ದು 116 ಪಂದ್ಯ, 1906ರ ಶಿಕಾಗೋ ಕಬ್ಸ್ ದಾಖಲೆಗೆ ಸಮ. ಪಕ್ಕದಲ್ಲೇ ಇನ್ನೊಂದು ಉದಾಹರಣೆ ನೋಡಿ. ಅಲೆಕ್ಸ್ ರೋಡ್ರಿಗಸ್ ಅನ್ನುವ ದೊಡ್ಡ ಬ್ಯಾಟ್ಸ್‌ಮನ್‌ನನ್ನು ಅವರು ಕೊಡದೆ ಇಟ್ಟುಕೊಂಡರು. 2000ದ ಕೊನೆಗೆ ಅವನು 252 ಮಿಲಿಯನ್ ಡಾಲರ್‌ಗೆ ಟೆಕ್ಸಸ್‌ಗೆ ಹೊರಟ. ಬದಲಿಗೆ ಒಬ್ಬ ಆಟಗಾರನೂ ಬರಲಿಲ್ಲ. ಹೋಗುವವನನ್ನು ಹೋಗುವ ಮೊದಲೇ ಕೊಡಿ ಅಂತ ನಾನು ಸುಮ್ನೆ ಹೇಳುತ್ತಿಲ್ಲ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಟೈಮ್ ಆಗುತ್ತಾ ಬಂತು. ಇನ್ನೆರಡು ಬೇಗ ಹೇಳಿಬಿಡುತ್ತೇನೆ. 1987ರಲ್ಲಿ ಡೆಟ್ರಾಯಿಟ್ ತಂಡ 36 ವರ್ಷದ ಡಾಯ್ಲ್ ಅಲೆಕ್ಸಾಂಡರ್‌ನನ್ನು ಅಟ್ಲಾಂಟಾದಿಂದ ತಂದಿತು. ಅವನು ಒಂಬತ್ತಕ್ಕೆ ಒಂಬತ್ತೂ ಗೆದ್ದ, ಡೆಟ್ರಾಯಿಟ್ ಅದರಿಂದಲೇ ಪ್ಲೇ ಆಫ್‌ಗೆ ಹೋಯಿತು. ಬದಲಿಗೆ ಕೊಟ್ಟಿದ್ದು ತಮ್ಮದೇ ಮಿಶಿಗನ್ ರಾಜ್ಯದಲ್ಲಿ ಬೆಳೆದ 20 ವರ್ಷದ ಹುಡುಗ, ಜಾನ್ ಸ್ಮೋಲ್ಟ್ಜ್. ಅವನು ಅಟ್ಲಾಂಟಾಗೆ 1995ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್, ಗೆದ್ದುಕೊಟ್ಟವರಲ್ಲಿ ಒಬ್ಬ, ಆಮೇಲೆ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್‌ಗೂ ಸೇರಿದ. 2002ರಲ್ಲಿ ಕ್ಲೀವ್‌ಲ್ಯಾಂಡ್ ಬಾರ್ಟೋಲೋ ಕೊಲೋನ್‌ನನ್ನು ಮಾಂಟ್ರಿಯಲ್‌ಗೆ ಕೊಟ್ಟು ಕ್ಲಿಫ್ ಲೀ, ಗ್ರೇಡಿ ಸೈಜ್‌ಮೋರ್, ಬ್ರ್ಯಾಂಡನ್ ಫಿಲಿಪ್ಸ್ ಮೂವರನ್ನೂ ತಂದಿತು. ಲೀ ಸೈ ಯಂಗ್ ಗೆಲ್ಲುವ ಹೊತ್ತಿಗೆ 2008. ಆರು ವರ್ಷ ಕಾದರು! ಎಲ್ಲ ಹುಡುಗರೂ ಬೆಳೆಯಲ್ಲ, ಒಪ್ಪುತ್ತೇನೆ. ಅದಕ್ಕೇ ಒಬ್ಬನನ್ನಲ್ಲ, ಮೂರು ನಾಲ್ಕು ಜನರನ್ನು ಕೇಳಿ ತರುವುದು.

ಗಾರ್ಸಿಯಾನ ಮಾತು ಒಂದು ಉಳಿಯಿತು. 2004ರಲ್ಲಿ ಅವನ ಕಾಂಟ್ರಾಕ್ಟ್ ಮುಗಿಯುವ ಹೊತ್ತಿಗೆ ಸಿಯಾಟಲ್ ಅವನನ್ನೂ ಕೊಟ್ಟಿತು, ಶಿಕಾಗೋ ವೈಟ್ ಸಾಕ್ಸ್‌ಗೆ. 2005ರ ಅಕ್ಟೋಬರ್‌ನಲ್ಲಿ ನಾನು ಮೈಸೂರಿಗೆ ವಾಪಸ್ ಬಂದಿದ್ದೆ. ಇಲ್ಲಿ ಬೆಳಗಿನ ಹೊತ್ತು, ಕಂಪ್ಯೂಟರಿನಲ್ಲಿ ಸ್ಕೋರು ನಿಧಾನಕ್ಕೆ ಬರುತ್ತಿತ್ತು. ಪಕ್ಕದಲ್ಲಿಟ್ಟ ಕಾಫಿ ಆರಿಹೋಗಿತ್ತು. ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯ, ಗೆದ್ದರೆ ಶಿಕಾಗೋಗೆ 88 ವರ್ಷದ ಮೇಲೆ ಪ್ರಶಸ್ತಿ. ಎಸೆಯುತ್ತಿದ್ದವನು ಗಾರ್ಸಿಯಾ. ಎದುರಿಗಿದ್ದದ್ದು ಹ್ಯೂಸ್ಟನ್, ಎರಡು ತಿಂಗಳ ಜಾನ್ಸನ್‌ಗಾಗಿ ಅವನನ್ನು ಬಿಟ್ಟುಕೊಟ್ಟ ಅದೇ ಹ್ಯೂಸ್ಟನ್, ಅವರದೇ ಮೈದಾನ. ಏಳು ಇನಿಂಗ್ಸ್ ಎಸೆದ, ಒಂದು ರನ್ನೂ ಕೊಡಲಿಲ್ಲ. ಶಿಕಾಗೋ ಒಂದು–ಸೊನ್ನೆಯಲ್ಲಿ ಗೆದ್ದಿತು. ನಮಸ್ಕಾರ.