ಕುದುರೆ ಮೇಲಿನ ಪ್ರೀತಿ ಕಸುಬಾದಾಗ: ಲಾಳ ಕಟ್ಟೋರ ಕೆಲಸ

[ದೃಶ್ಯ: ತೊಡೆಗಳ ನಡುವೆ ಹಿಡಿದ ಮುಂಗಾಲು, ಹತ್ತಿರದಿಂದ ಗೊರಸು]

ಚಿಕ್ಕಂದಿನಿಂದ ಕುದುರೆ ಅಂದ್ರೆ ಪ್ರಾಣ ಅನ್ನೋರಿಗೆ ಮೊದಲು ಹೊಳೆಯೋದು ಸವಾರಿ. ಜಾಕಿ ಆಗೋಣ ಅಂದ್ರೆ ಮೈತೂಕ ಅಡ್ಡ ಬರುತ್ತೆ. ಸ್ವಂತಕ್ಕೆ ಸಾಕೋಣ ಅಂದ್ರೆ ಖರ್ಚು ಕೈಗೆಟುಕಲ್ಲ. ಆದರೆ ದಿನಾ ಕುದುರೆಗೆ ಮೈ ತಾಗಿಸಿಕೊಂಡೇ ಮಾಡೋ ಕಸುಬೊಂದಿದೆ, ಲಾಳ ಕಟ್ಟೋದು. ಇದನ್ನ ಮಾಡೋರನ್ನ ನಾಲಬಂದರು ಅಂತಾರೆ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್ ಆಗಲಿ, ದಸರಾ ಮೆರವಣಿಗೆಗೆ ಬರೋ ಅಶ್ವಾರೋಹಿ ಪೊಲೀಸ್ ದಳ ಆಗಲಿ, ಲಾಳ ಇರೋ ಕುದುರೆಗೆ 4ರಿಂದ 6 ವಾರಕ್ಕೊಮ್ಮೆ ಇವರ ಕೈ ಬೇಕೇ ಬೇಕು.

ಯಾಕೆ ಅಂದ್ರೆ, ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತೆ. ಲಾಳ ಇದ್ದಾಗ ಅದು ನೆಲಕ್ಕೆ ಉಜ್ಜಿ ಸವೆಯಲ್ಲ. ಹಾಗೇ ಬಿಟ್ರೆ ಗೊರಸಿನ ಮುಂತುದಿ ಉದ್ದವಾಗಿ, ಕಾಲಿನ ಹಿಂಬದಿಯ ಸ್ನಾಯುರಜ್ಜಿನ (ಮಾಂಸಖಂಡವನ್ನ ಎಲುಬಿಗೆ ಕಟ್ಟೋ ಹುರಿಯ) ಮೇಲೆ ಎಳೆತ ಬೀಳುತ್ತೆ.

ಪ್ರೀತಿ ಇಲ್ಲಿ ಕೆಲಸಕ್ಕೆ ಬರೋದು ಕಾಲು ಮುಟ್ಟೋಕೂ ಮುಂಚೆ. ನೆಟ್ಟಗೆ ಹಿಂದಿನಿಂದ ಹೋದ್ರೆ ಕುದುರೆಗೆ ನೀವು ಕಾಣಲ್ಲ. ಮಾತಾಡಿಸ್ತಾ ಎಡ ಭುಜದ ಕಡೆಯಿಂದ ಹೋಗಿ, ಕೈಯನ್ನ ಭುಜದಿಂದ ಕೆಳಗೆ ಜಾರಿಸ್ತಾ ಬನ್ನಿ. ಕಿವಿ ಹಿಂದಕ್ಕೆ ಮಡಚಿದ್ರೆ, ಬಾಲ ಬೀಸಿದ್ರೆ, ನಿಲ್ಲಿ. ವರ್ಷಗಟ್ಟಲೆ ಕುದುರೆಯನ್ನ ಬರೀ ನೋಡ್ತಾ ನಿಂತೋರಿಗೆ ಈ ಭಾಷೆ ತಾನಾಗೇ ಬಂದಿರುತ್ತೆ. ಸೈಸ್ ಆಗಿ, ಅಂದ್ರೆ ಕುದುರೆ ನೋಡಿಕೊಳ್ಳೋ ಆಳಾಗಿ, ದುಡಿದೋರು ಇಲ್ಲಿ ಎಷ್ಟೋ ಮುಂದೆ ಇರ್ತಾರೆ.

[ದೃಶ್ಯ: ಹಳೆ ಲಾಳ ಬಿಚ್ಚುವುದು]

ಮೊದಲು ಗೊರಸಿನ ಗೋಡೆಯಿಂದ (ಹೊರಗಿನ ಗಟ್ಟಿ ಪದರದಿಂದ) ಆಚೆ ಬಂದು ಮಡಚಿರೋ ಹಳೆ ಮೊಳೆಗಳ ತುದಿ ಬಿಡಿಸಿ. ಅದನ್ನ ಬಿಡಿಸದೆ ಇಕ್ಕಳ ಹಾಕಿ ಕಿತ್ರೆ ಗೊರಸಿನ ಗೋಡೆ ಸಿಬಿರೆದ್ದು ಬರುತ್ತೆ, ಮುಂದಿನ ಸಲ ಮೊಳೆಗೆ ಜಾಗವೇ ಇರಲ್ಲ. ಆಮೇಲೆ ಬೆಳೆದಷ್ಟನ್ನ ಮಾತ್ರ ಕತ್ತರಿಸಿ, ಅರದಿಂದ ಸಮ ಮಾಡಿ. ಹೆಬ್ಬೆರಳಲ್ಲಿ ಒತ್ತಿದಾಗ ಅಂಗಾಲು ಒಳಕ್ಕೆ ಬಗ್ಗಿದ್ರೆ ಅತಿಯಾಗಿ ಹೆರೆದಿದ್ದೀರಿ ಅಂತ ಅರ್ಥ. ಲಾಳವನ್ನ ಗೊರಸಿಗೆ ಹೊಂದಿಸಬೇಕು. ಸಿಕ್ಕಿದ ಲಾಳಕ್ಕೆ ತಕ್ಕಂತೆ ಗೊರಸನ್ನೇ ಉಜ್ಜೋದು ಸೋಮಾರಿತನ, ಅದರ ನೋವು ಕುದುರೆಗೆ.

ಈಗ ಮೊಳೆ. ಗೊರಸಿನ ಅಡಿಯಲ್ಲಿ, ಗೋಡೆಗೂ ಅಂಗಾಲಿಗೂ ನಡುವೆ ಒಂದು ಬಿಳಿ ಗೆರೆ ಕಾಣುತ್ತೆ. ಅದರ ಹೊರಗಿನ ಗೋಡೆಯಲ್ಲಿ ಜೀವ ಇಲ್ಲ, ಒಳಗೆ ರಕ್ತ, ನರ ಎಲ್ಲ ಇದೆ. ಮೊಳೆ ಗೆರೆಯ ಹೊರಗೇ ಇರಬೇಕು. ಮೊಳೆಯ ತುದಿಯ ಒಂದು ಮಗ್ಗುಲು ಇಳಿಜಾರಾಗಿರುತ್ತೆ. ಆ ಮಗ್ಗುಲು ಒಳಮುಖವಾಗಿದ್ರೆ ಮೊಳೆ ಹೊರಕ್ಕೆ ಬಾಗಿ, ಲಾಳದಿಂದ ಸುಮಾರು 2 ಸೆಂ.ಮೀ. ಮೇಲೆ ತಲೆ ಹಾಕುತ್ತೆ. ತಿರುವುಮುರುವಾಗಿ ಇಟ್ರೆ ಒಳಕ್ಕೇ ನುಗ್ಗುತ್ತೆ. ಸಾಮಾನ್ಯವಾಗಿ 6ರಿಂದ 8 ಮೊಳೆ ಸಾಕು. ಗೊರಸಿನ ಅತಿ ಅಗಲದ ಜಾಗದಿಂದ ಹಿಂದಕ್ಕೆ ಹೊಡೀಬೇಡಿ. ಹೆಜ್ಜೆ ಊರಿದಾಗ ಹಿಮ್ಮಡಿ ಹಿಗ್ಗಬೇಕು.

ಸುತ್ತಿಗೆ ಬಿದ್ದಾಗ ಕಿವಿಗೊಡಿ. ಗಟ್ಟಿ ಗೋಡೆಯಲ್ಲಿ ಮೊಳೆ ಟಣ್ ಅನ್ನುತ್ತೆ, ಕೈಗೆ ಬಿಗಿ ಸಿಗುತ್ತೆ. ಸದ್ದು ಮಂಕಾಗಿ, ಮೊಳೆ ಮೆತ್ತಗೆ ಇಳೀತಾ ಇದ್ರೆ ತಕ್ಷಣ ಕೀಳಿ. ಮೊಳೆಗೆ ರಕ್ತ ಹತ್ತಿದ್ರೆ ಆ ತೂತಿಗೆ ಬೇರೆ ಮೊಳೆ ಬೇಡವೇ ಬೇಡ. ಅಯೋಡಿನ್ ಹಾಕಿ, ಪಶುವೈದ್ಯರನ್ನ ಕರೆಸಿ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತೆ. ಇನ್ನೊಂದು ಕಣ್ಣಿಗೆ ಕಾಣದ ತಪ್ಪಿದೆ: ಮೊಳೆ ಚುಚ್ಚಿರಲ್ಲ, ಆದ್ರೆ ಬಿಳಿ ಗೆರೆಗೆ ತೀರಾ ಹತ್ತಿರ ಹೋಗಿ ಒಳಗಿನ ಜೀವ ಇರೋ ಭಾಗವನ್ನ ಒತ್ತುತ್ತಾ ಇರುತ್ತೆ. ಕುಂಟು ಕಾಣೋದು ಒಂದೆರಡು ದಿನ ಕಳೆದು. ಅದಕ್ಕೇ ಮಾರನೇ ದಿನ ಹೋಗಿ, ಗೊರಸು ಮುಟ್ಟಿ ಬಿಸಿ ಇದೆಯಾ ನೋಡಬೇಕು.

[ದೃಶ್ಯ: ಸೀಳಿದ ಗೊರಸಿನ ಅಡ್ಡನೋಟ]

ಕಲಿಯೋರಿಗೆ ಒಂದು ಮಾತು. ಸೇನೆಯ ಕುದುರೆಗಳಿಗೆ ಲಾಳ ಕಟ್ಟೋರು ಮೀರತ್‌ನ ರಿಮೌಂಟ್ ವೆಟರಿನರಿ ಕೋರ್ (ಸೇನೆಯ ಪ್ರಾಣಿಗಳನ್ನ ನೋಡಿಕೊಳ್ಳೋ ವಿಭಾಗ) ಕೇಂದ್ರದಲ್ಲಿ ತಯಾರಾಗ್ತಾರೆ. ಹೊರಗಿನೋರು ಹಳೆ ನಾಲಬಂದರ ಕೈಕೆಳಗೆ ನಿಲ್ಲಬೇಕು. ಮೊದಲ ತಿಂಗಳುಗಳಲ್ಲಿ ಗೊರಸು ಕೆರೆದು ಶುಚಿ ಮಾಡೋದಷ್ಟೇ, ಹಿಮ್ಮಡಿಯಿಂದ ಮುಂತುದಿ ಕಡೆಗೆ. ಮೊಳೆಯ ಅಭ್ಯಾಸ ಜೀವಂತ ಕಾಲಿನ ಮೇಲೆ ಬೇಡ. ಸತ್ತ ಕುದುರೆಯ ಗೊರಸು ಸಿಕ್ಕಿದ್ರೆ ಅದಕ್ಕೆ ಎಂಟು ಮೊಳೆ ಹೊಡೆದು, ಗರಗಸದಿಂದ ಸೀಳಿ, ಪ್ರತಿ ಮೊಳೆ ಬಿಳಿ ಗೆರೆಯ ಯಾವ ಕಡೆ ಹೋಗಿದೆ ಅಂತ ಕಣ್ಣಾರೆ ನೋಡಿ.